ಬಿಟ್ಟುಹೋದವರ ಲೆಕ್ಕ ಹಾಕಿದ ಚಂದ್ರಶೇಖರನ್

ಕ್ವಾಲಿಟಿ ಕಂಟ್ರೋಲ್ ಓದುವಾಗ ಡೆಮಿಂಗ್ ಹೆಸರು ನಮಗೆಲ್ಲ ಸಿಗ್ತದ. 1949ರಲ್ಲಿ ಅವರ ಜೊತೆ ಸೇರಿ ಒಂದು ಸೂತ್ರ ಕೊಟ್ಟವರು ನಮ್ಮ ದೇಶದ ಜನಸಂಖ್ಯಾ ತಜ್ಞ ಸಿ. ಚಂದ್ರಶೇಖರನ್ (1911–2000).

ಆಗ ಹಳ್ಳಿಗಳಲ್ಲಿ ಎಷ್ಟೋ ಹುಟ್ಟು-ಸಾವು ದಾಖಲಾಗುತ್ತಲೇ ಇರಲಿಲ್ಲ. ಹುಟ್ಟಿ ವಾರದೊಳಗೆ ತೀರಿಕೊಂಡ ಕೂಸಿನ ಹೆಸರು ಎಲ್ಲೂ ಇಲ್ಲ ಅಂದ್ರ, ಅಲ್ಲಿ ಶಿಶುಮರಣವೇ ಕಡಿಮೆ ಅಂತ ಕಾಗದ ಹೇಳ್ತದ. ಕಲ್ಕತ್ತಾದಲ್ಲಿ ಕೆಲಸದಲ್ಲಿದ್ದ ಚಂದ್ರಶೇಖರನ್ 1947ರಲ್ಲಿ ಹತ್ತಿರದ ಸಿಂಗೂರಿನಲ್ಲಿ ಮನೆಮನೆ ಸಮೀಕ್ಷೆಯ ಪಟ್ಟಿಯನ್ನು ಸರಕಾರಿ ರಿಜಿಸ್ಟರಿನ ಜೊತೆ ತಾಳೆ ನೋಡಿದರು.

ಸೂತ್ರ ಸರಳ. ಉದಾಹರಣೆಗೆ ಕಮಲಾಪುರದ ಕಡೆ ಒಂದು ಊರು ಅಂದುಕೊಳ್ಳಿ. ಎರಡೂ ಪಟ್ಟಿಯಲ್ಲಿರೋ ಹುಟ್ಟು 60, ರಿಜಿಸ್ಟರಿನಲ್ಲಿ ಮಾತ್ರ 20, ಸಮೀಕ್ಷೆಯಲ್ಲಿ ಮಾತ್ರ 15. 20ನ್ನು 15ರಿಂದ ಗುಣಿಸಿ 60ರಿಂದ ಭಾಗಿಸಿದರೆ 5. ಎರಡರಲ್ಲೂ ಬಿಟ್ಟುಹೋದವರು ಸುಮಾರು ಇಷ್ಟು, ಒಟ್ಟು 100.

ಆದ್ರ ಒಂದು ಷರತ್ತು ಅದ: ಒಂದು ಪಟ್ಟಿಯಲ್ಲಿ ಸೇರೋದಕ್ಕೂ ಇನ್ನೊಂದರಲ್ಲಿ ಸೇರೋದಕ್ಕೂ ಸಂಬಂಧ ಇರಬಾರದು. ಕಲಬುರಗಿಯ ದವಾಖಾನೆಯಲ್ಲಿ ಹುಟ್ಟಿದ ಕೂಸು ಎರಡರಲ್ಲೂ ಸುಲಭವಾಗಿ ಸಿಗ್ತದ. ಹೊಲದ ಗುಡಿಸಲಿನ ಕೂಸು ಎರಡರಲ್ಲೂ ತಪ್ಪಿಹೋಗ್ತದ. ಆಗ ಉತ್ತರ ಕಡಿಮೆ ಬರ್ತದ. ಅದಕ್ಕೇ ಜನರನ್ನು ಒಂದೇ ಥರದ ಗುಂಪುಗಳಾಗಿ ಮಾಡಿ ಲೆಕ್ಕ ಹಾಕಬೇಕು ಅಂತ ಅವರು ತೋರಿಸಿದರು.

ಮುಂದೆ 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರಕಾರದ ಮೈಸೂರು ಜನಸಂಖ್ಯಾ ಅಧ್ಯಯನದಲ್ಲೂ ದುಡಿದರು. ಕಲಬುರಗಿ ಆಗ ಹೈದರಾಬಾದ್ ರಾಜ್ಯದಲ್ಲಿತ್ತು, ಹಾಗಾಗಿ ಅದರಲ್ಲಿ ಸೇರಲಿಲ್ಲ.

ಇವತ್ತು ದೇಶದ ಶಿಶುಮರಣ ದರ ಕೊಡುವ ಸ್ಯಾಂಪಲ್ ರಿಜಿಸ್ಟ್ರೇಶನ್ ಸಿಸ್ಟಮ್ ಕೂಡ ಎರಡು ಬೇರೆ ಪಟ್ಟಿಗಳನ್ನೇ ತಾಳೆ ನೋಡ್ತದ. ತಾಳೆ ಆಗದಿದ್ದರೆ ಮತ್ತೆ ಆ ಮನೆಗೇ ಹೋಗಿ ವಿಚಾರಿಸ್ತಾರೆ. ಕೂಸು ಇತ್ತು ಅನ್ನೋದು ಮೊದಲು ಲೆಕ್ಕಕ್ಕೆ ಬರಬೇಕು. ಡಾಕ್ಟರು, ಲಸಿಕೆ ಆಮೇಲಿನ ಮಾತು.