ಚಿನ್ನದ ಗಣಿಗೆ ಬಾಗಿಲು ತೆರೆದ ಐರಿಷ್ ಸೈನಿಕ: ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್

ನಮ್ಮ ಕರಾವಳಿಯ ಅನೇಕ ಮನೆಗಳಿಗೆ ಇಂದು ಐರ್ಲೆಂಡ್ ದೂರದ ದೇಶವಲ್ಲ. ಮಗಳೋ ಸೊಸೆಯೋ ಅಲ್ಲಿನ ಆಸ್ಪತ್ರೆಯಲ್ಲಿ ದಾದಿಯಾಗಿರುತ್ತಾಳೆ. ಅವಳನ್ನು ನೋಡಲು ಹೊರಟ ತಂದೆ ತಾಯಿಯರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಒಂದೇ ಬಗೆಯವು. ಐರ್ಲೆಂಡ್ ಇಂಗ್ಲೆಂಡಿನ ಭಾಗವೇ? ಐರಿಷರೆಂದರೆ ಇಂಗ್ಲಿಷರೇ? ನಮಗೂ ಆ ನಾಡಿಗೂ ಹಳೆಯ ನಂಟು ಏನಾದರೂ ಇದೆಯೇ?

ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಸುಲಭ. ಐರ್ಲೆಂಡ್ ಸ್ವತಂತ್ರ ದೇಶ. ಅಲ್ಲಿನ ಹಣ ಯೂರೋ. ದ್ವೀಪದ ಉತ್ತರದ ಭಾಗ ಮಾತ್ರ ಬ್ರಿಟನ್ನಿಗೆ ಸೇರಿದೆ. ಐರಿಷರಿಗೆ ತಮ್ಮದೇ ಭಾಷೆ, ತಮ್ಮದೇ ಚರಿತ್ರೆ ಇದೆ. ಅವರನ್ನು ಇಂಗ್ಲಿಷರೆಂದು ಕರೆದರೆ ಬೇಸರಪಟ್ಟುಕೊಳ್ಳುತ್ತಾರೆ. ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಲು ಡಬ್ಲಿನ್‌ಗೆ ಹೋಗಬೇಕಾಗಿಲ್ಲ, ಬಂಗಾರಪೇಟೆಗೆ ಹೋದರೆ ಸಾಕು. ಅಲ್ಲಿಂದ ಕವಲೊಡೆಯುವ ರೈಲು ದಾರಿ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತದೆ. ಆ ಗಣಿಗಳ ಆಧುನಿಕ ಚರಿತ್ರೆ ಒಬ್ಬ ಐರಿಷ್ ಸೈನಿಕರಿಂದ ಆರಂಭವಾಗುತ್ತದೆ. ಅವರೇ ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್.

ಬಂದದ್ದು ಎಲ್ಲಿಂದ?

ಲ್ಯಾವೆಲ್ ಎಂಬ ಹೆಸರು ಕೇಳಿದವರು ಅವರನ್ನು ಫ್ರೆಂಚರೆಂದು ತಿಳಿಯುವುದುಂಟು. ಆದರೆ ಅದು ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ, ಮುಖ್ಯವಾಗಿ ಮೇಯೋ ಪ್ರಾಂತ್ಯದಲ್ಲಿ, ಬಳಕೆಯಲ್ಲಿರುವ ಮನೆತನದ ಹೆಸರು. ಅವರ ಕಾಲದ ಐರ್ಲೆಂಡ್ ಬಡ ನಾಡಾಗಿತ್ತು. 1801ರಿಂದ ಅದು ಬ್ರಿಟನ್ನಿನ ಆಳ್ವಿಕೆಯಡಿ ಒಂದೇ ರಾಜ್ಯವಾಗಿ ಸೇರಿಹೋಗಿತ್ತು. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಉಂಟಾದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿ ನಾಡು ಬಿಟ್ಟರು. ಆ ಕಾಲದ ಬಡ ಯುವಕರಿಗೆ ತೆರೆದಿದ್ದ ಒಂದು ದಾರಿ ಬ್ರಿಟಿಷ್ ಸೈನ್ಯ. ಹೀಗಾಗಿ ಆ ಸೈನ್ಯದಲ್ಲಿ ಐರಿಷರ ಪಾಲು ದೊಡ್ಡದಾಗಿತ್ತು.

ಲ್ಯಾವೆಲ್ ಅವರೂ ಸೈನಿಕರಾದರು. ನ್ಯೂಜಿಲೆಂಡಿನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ವಿರುದ್ಧ ನಡೆದ ಯುದ್ಧದಲ್ಲಿ ಸೇವೆ ಸಲ್ಲಿಸಿದರು. ಅದೇ ನ್ಯೂಜಿಲೆಂಡಿನ ಒಟಾಗೋ ಸೀಮೆಯಲ್ಲಿ 1861ರಲ್ಲಿ ಚಿನ್ನ ಸಿಕ್ಕಿ, ಸಾವಿರಾರು ಜನ ಗುದ್ದಲಿ ಹಿಡಿದು ಅತ್ತ ನುಗ್ಗಿದ್ದರು. ಚಿನ್ನ ಅಗೆಯುವ ಕೆಲಸದ ಮೇಲೆ ಲ್ಯಾವೆಲ್ ಅವರಿಗೆ ಒಲವು ಹುಟ್ಟಿದ್ದು ಆ ನಾಡಿನಲ್ಲಿಯೇ.

ಯುದ್ಧ ಮುಗಿದ ಮೇಲೆ ಅವರು ಬೆಂಗಳೂರಿನ ದಂಡು ಪ್ರದೇಶದಲ್ಲಿ ನೆಲೆಸಿದರು. ಅಲ್ಲಿ ಐರಿಷರು ಹೊಸಬರೇನೂ ಆಗಿರಲಿಲ್ಲ. ದಂಡಿನಲ್ಲಿದ್ದ ಐರಿಷ್ ಕಥೋಲಿಕ ಸೈನಿಕರಿಗಾಗಿ 1840ರ ದಶಕದಲ್ಲಿಯೇ ಸಂತ ಪ್ಯಾಟ್ರಿಕ್ ದೇವಾಲಯ ಎದ್ದು ನಿಂತಿತ್ತು. ಐರ್ಲೆಂಡಿನ ಪಾಲಕ ಸಂತರ ಹೆಸರು ಬೆಂಗಳೂರಿನ ನಡುವೆ ಬಂದದ್ದು ಹೀಗೆ.

ಮರೆತುಹೋಗಿದ್ದ ಒಂದು ವರದಿ

ಸೇವೆಯಿಂದ ಬಿಡುವು ಪಡೆದ ಸೈನಿಕನಿಗೆ ಓದಲು ಸಮಯ ಬೇಕಾದಷ್ಟು. ಹಾಗೆ ಓದುತ್ತಿದ್ದಾಗ ಲ್ಯಾವೆಲ್ ಅವರ ಕಣ್ಣಿಗೆ ಬಿದ್ದದ್ದು 1804ರಲ್ಲಿ ಪ್ರಕಟವಾಗಿದ್ದ ಒಂದು ಬರಹ. ಬರೆದವರು ಲೆಫ್ಟಿನೆಂಟ್ ಜಾನ್ ವಾರನ್. ಇವರು ಫ್ರೆಂಚ್ ಮನೆತನದವರಾಗಿದ್ದು ಬ್ರಿಟಿಷ್ ಸೈನ್ಯ ಸೇರಿದವರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ಸೀಮೆಯ ಗಡಿ ಗುರುತಿಸುವ ಕೆಲಸ ನಡೆಯಿತು. ಅದಕ್ಕಾಗಿ 1802ರಲ್ಲಿ ಕೋಲಾರದ ಕಡೆಗೆ ಹೋಗಿದ್ದಾಗ, ಅಲ್ಲಿನ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ವಾರನ್ ಅವರ ಕಿವಿಗೆ ಬಿತ್ತು. ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವುದಾಗಿ ಅವರು ಸಾರಿದರು. ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತುಂಬಿ ತಂದು ಅವರ ಎದುರೇ ತೊಳೆದರು. ತಳದಲ್ಲಿ ಚಿನ್ನದ ಪುಡಿ ಉಳಿಯಿತು. ಉರಿಗಾಂ, ಮಾರಿಕುಪ್ಪಂ ಕಡೆಗಳಲ್ಲಿ ಜನ ಹಳೆಯ ಗುಂಡಿಗಳಿಗೆ ಇಳಿದು ಕಲ್ಲು ತರುತ್ತಿದ್ದುದನ್ನೂ ಅವರು ದಾಖಲಿಸಿದರು.

ಅಂದರೆ ಕೋಲಾರದಲ್ಲಿ ಚಿನ್ನವನ್ನು ಕಂಡುಹಿಡಿದವರು ಲ್ಯಾವೆಲ್ ಅಲ್ಲ, ವಾರನ್ನರೂ ಅಲ್ಲ. ಸ್ಥಳೀಯ ಜನರಿಗೆ ಅದು ತಲೆತಲಾಂತರದಿಂದ ಗೊತ್ತಿತ್ತು. ಲ್ಯಾವೆಲ್ ಅವರ ಹೆಚ್ಚುಗಾರಿಕೆ ಬೇರೆ. ಸುಮಾರು 70 ವರ್ಷ ಯಾರ ಗಮನವನ್ನೂ ಗಟ್ಟಿಯಾಗಿ ಹಿಡಿಯದಿದ್ದ ಆ ವರದಿಯನ್ನು ನಂಬಿ, ಅದರ ಬೆನ್ನು ಹತ್ತಿ ಹೊರಟವರು ಅವರು.

ಎತ್ತಿನ ಗಾಡಿ ಮತ್ತು ಅರ್ಜಿ

1871ರಲ್ಲಿ ಲ್ಯಾವೆಲ್ ಎತ್ತಿನ ಗಾಡಿ ಏರಿ ಬೆಂಗಳೂರಿನಿಂದ ಕೋಲಾರ ಸೀಮೆಗೆ ಹೊರಟರು. ಸುಮಾರು 60 ಮೈಲಿಗಳ ದಾರಿ. ಉರಿಗಾಂ ಸುತ್ತಮುತ್ತಲಿನ ಹಳೆಯ ಗುಂಡಿಗಳನ್ನು ನೋಡಿದರು, ಕಲ್ಲು ಮಣ್ಣು ಪರೀಕ್ಷಿಸಿದರು. ನೆಲದಡಿಯಲ್ಲಿ ಚಿನ್ನವಿದೆ ಎಂಬ ನಂಬಿಕೆ ಅವರಲ್ಲಿ ಬೇರೂರಿತು.

ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1873ರಲ್ಲಿ ಲ್ಯಾವೆಲ್ ಸರಕಾರಕ್ಕೆ ಅರ್ಜಿ ಸಲ್ಲಿಸಿದರು. ಅಧಿಕಾರಿಗಳಿಗೆ ಚಿನ್ನದ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಬೇಕಾದರೆ ಕಲ್ಲಿದ್ದಲು ಹುಡುಕಿಕೊಳ್ಳಲಿ ಎಂಬುದು ಅವರ ನಿಲುವು. ಲ್ಯಾವೆಲ್ ಬಿಡಲಿಲ್ಲ. ತಮಗೆ ಸರಕಾರದ ಹಣ ಬೇಡ, ಅಗೆಯುವ ಹಕ್ಕೊಂದೇ ಸಾಕು, ಚಿನ್ನ ಸಿಕ್ಕರೆ ಸರಕಾರಕ್ಕೇ ದೊಡ್ಡ ಲಾಭ ಎಂದು ಮತ್ತೆ ಬರೆದುಕೊಂಡರು. ಕೊನೆಗೆ 1875ರ ಫೆಬ್ರವರಿ 2ರಂದು ಅವರಿಗೆ 20 ವರ್ಷಗಳ ಪರವಾನಗಿ ದೊರೆಯಿತು. ಕೋಲಾರದ ಆಧುನಿಕ ಗಣಿಗಾರಿಕೆಯ ಮೊದಲ ದಿನವೆಂದು ಆ ದಿನವನ್ನು ಎಣಿಸಬಹುದು.

ಕೈ ಬರಿದಾದಾಗ

ಹಕ್ಕು ಸಿಕ್ಕಿತು, ಆದರೆ ಹಣ ಇರಲಿಲ್ಲ. 1875ರಲ್ಲಿಯೇ ಉರಿಗಾಂ ಬಳಿ ಗಣಿಬಾವಿ ತೋಡಿಸಲು ಆರಂಭಿಸಿದ ಲ್ಯಾವೆಲ್ ಅವರ ಹೆಚ್ಚಿನ ಸಮಯ ಬಂಡವಾಳ ಹುಡುಕುವುದರಲ್ಲೇ ಕಳೆಯಿತು. ಕಗ್ಗಲ್ಲನ್ನು ಒಡೆದು ಇಳಿಯುವುದು ಒಬ್ಬ ನಿವೃತ್ತ ಸೈನಿಕನ ಉಳಿತಾಯದಿಂದ ಆಗುವ ಕೆಲಸವಲ್ಲ. ನೀರೆತ್ತಬೇಕು, ಯಂತ್ರ ತರಿಸಬೇಕು, ವಾರ ವಾರ ಕೂಲಿ ಕೊಡಬೇಕು. ಚಿನ್ನ ಸಿಗುವ ತನಕ ಒಂದು ಕಾಸೂ ಹಿಂದಿರುಗಿ ಬರುವುದಿಲ್ಲ. ಅದರ ಮೇಲೆ ಕಾಲವೂ ಕೆಟ್ಟದಾಗಿತ್ತು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಭೀಕರ ಬರಗಾಲ ಬಡಿಯಿತು. ಕೋಲಾರ ಅದರ ಬಿಸಿ ಹೆಚ್ಚಾಗಿ ಉಂಡ ಜಿಲ್ಲೆಗಳಲ್ಲೊಂದು. ಕ್ಷಾಮದ ನೆನಪು ಇನ್ನೂ ಆರದ ನಾಡಿನಿಂದ ಬಂದ ಆ ಮನುಷ್ಯ ಮತ್ತೊಂದು ಕ್ಷಾಮದ ನಡುವೆ ನಿಂತಿದ್ದರು.

ಸಾಲ ಏರಿತು. ಈಗ ಅವರ ಮುಂದೆ ಎರಡೇ ದಾರಿಗಳಿದ್ದವು. ಹಕ್ಕನ್ನು ತಮ್ಮಲ್ಲೇ ಬಿಗಿಯಾಗಿ ಹಿಡಿದುಕೊಂಡು ಕೆಲಸ ನಿಂತುಹೋಗುವುದನ್ನು ನೋಡುವುದು, ಇಲ್ಲವೇ ಶಕ್ತಿಯುಳ್ಳವರ ಕೈಗೆ ಒಪ್ಪಿಸಿ ತಾವು ಹಿಂದೆ ಸರಿಯುವುದು. ಅವರು ಎರಡನೆಯದನ್ನು ಆರಿಸಿಕೊಂಡರು. 1877ರಲ್ಲಿ ಸರಕಾರದ ಒಪ್ಪಿಗೆ ಪಡೆದು, ಮೇಜರ್ ಜನರಲ್ ಬೆರೆಸ್‌ಫರ್ಡ್ ಮತ್ತು ಅವರ ಸಂಗಡಿಗರಿಗೆ ಹಕ್ಕನ್ನು ವರ್ಗಾಯಿಸಿದರು. ಈ ಕೂಟ ಕೋಲಾರ್ ಕನ್ಸೆಷನೇರ್ಸ್ ಎಂದು ಹೆಸರಾಯಿತು.

ಫಲ ಕಂಡವರು ಬೇರೆಯವರು

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಆಂಡ್ ಸನ್ಸ್ ಸಂಸ್ಥೆ ಕೋಲಾರಕ್ಕೆ ಕಾಲಿಟ್ಟಿತು. ಅವರಿಗೂ ಚಿನ್ನ ಕೂಡಲೇ ಒಲಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಹಣ ಕರಗಿ, ಗಣಿ ಮುಚ್ಚುವ ಮಾತು ಬಂತು. ಉಳಿದ ಹಣದಲ್ಲಿ ಕೊನೆಯ ಪ್ರಯತ್ನವೆಂದು ಕ್ಯಾಪ್ಟನ್ ಪ್ಲಮ್ಮರ್ ಅವರು ಹಿಂದಿನವರ ಹಳೆಯ ಗುಂಡಿಗಳ ಜಾಡು ಹಿಡಿದು ಕೆಳಗೆ ಇಳಿಸಿದಾಗ, 1884-85ರ ಹೊತ್ತಿಗೆ ಚಾಂಪಿಯನ್ ಪದರ ಸಿಕ್ಕಿತು. ಮುಂದಿನದು ಎಲ್ಲರೂ ಬಲ್ಲ ಕಥೆ. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗಳಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿಯಲ್ಲಿ ವಿದ್ಯುತ್ ಹರಿದು ಬಂತು. ಸುಮಾರು 120 ವರ್ಷಗಳಲ್ಲಿ ಈ ನೆಲ 800 ಟನ್ನುಗಳಷ್ಟು ಚಿನ್ನ ಕೊಟ್ಟಿತು. ಗಣಿಯ ಆಳ 3 ಕಿಲೋಮೀಟರನ್ನೂ ದಾಟಿತು.

ಆ ಆಳಕ್ಕೆ ಇಳಿದವರು ಯಾರು? ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದ ತಮಿಳು, ತೆಲುಗು ಮಾತನಾಡುವ ಬಡವರು. ಅವರಲ್ಲಿ ಹೆಚ್ಚಿನವರು ದಲಿತರು. ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಬಾಳಿ, ಸುಡುವ ಬಂಡೆಗಳ ನಡುವೆ ದುಡಿದರು. ಬಂಡೆ ಸಿಡಿದು ಸತ್ತವರಿದ್ದಾರೆ, ಕಲ್ಲಿನ ಧೂಳು ಕುಡಿದು ಎದೆ ಕೆಟ್ಟು ಸತ್ತವರಿದ್ದಾರೆ. 1930ರಲ್ಲಿ ಹೆಬ್ಬೆಟ್ಟಿನ ಗುರುತು ಕೊಡಬೇಕೆಂಬ ನಿಯಮ ಬಂದಾಗ, ತಮ್ಮನ್ನು ಕಳ್ಳರಂತೆ ಕಾಣಬಾರದೆಂದು 21 ದಿನ ಕೆಲಸ ನಿಲ್ಲಿಸಿದವರೂ ಇವರೇ. ಅವರ ಬೆವರಿನ ನಡುವೆಯೇ ಚಾಂಪಿಯನ್ ರೀಫ್ಸ್‌ನ ವಿಜಯಮಾತೆಯ ದೇವಾಲಯವೂ ಇತರ ಆರಾಧನಾಲಯಗಳೂ ಶಾಲೆಗಳೂ ಬೆಳೆದವು.

ಹೋದವರು ನೋಡಬೇಕಾದದ್ದು

1956ರಲ್ಲಿ ಗಣಿಗಳು ಸರಕಾರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು. 2018ರ ಚಲನಚಿತ್ರದಿಂದ ಕೆಜಿಎಫ್ ಹೆಸರು ಕೇಳಿ ಹೋಗುವವರಿಗೆ ಅಲ್ಲಿ ಕಾಣುವುದು ನಿಂತ ಗಣಿಯಂತ್ರಗಳು, ಸೈನೈಡ್ ಗುಡ್ಡಗಳು, ಸಾಲು ಮನೆಗಳು. ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಬಂಗಾರಪೇಟೆಯ ಹೆಸರು ಚಿನ್ನದಿಂದಲೇ ಬಂದಿರಬೇಕೆಂದು ಪ್ರಯಾಣಿಕರು ಊಹಿಸುತ್ತಾರೆ. ನಿಜದಲ್ಲಿ ಅದು ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನ ಪೇಟೆ. ಜನರ ಬಾಯಲ್ಲಿ ಬೌರಿಂಗ್ ಬಂಗಾರವಾಯಿತು. ಲ್ಯಾವೆಲ್ ಅವರ ಹೆಸರು ಉಳಿದಿರುವುದು ಗಣಿಯ ಊರಿನಲ್ಲಲ್ಲ, ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಯಲ್ಲಿ. ಆ ರಸ್ತೆಯಲ್ಲಿದ್ದ ಅವರ ಮನೆಗೆ ಉರಿಗಾಂ ಹೌಸ್ ಎಂಬ ಹೆಸರಿತ್ತು. ತಮಗೆ ದಕ್ಕದ ಗಣಿಯ ಊರನ್ನು ಅವರು ಮನೆಯ ಹೆಸರಾಗಿ ಇಟ್ಟುಕೊಂಡಿದ್ದರು.

ಲ್ಯಾವೆಲ್ ಸಂತರಾಗಿರಲಿಲ್ಲ. ಅವರು ಬಂದದ್ದು ಲಾಭದ ಆಸೆಯಿಂದಲೇ. ಆದರೂ ಕೆಲಸ ತಮ್ಮ ಶಕ್ತಿಯನ್ನು ಮೀರಿದಾಗ ಅದನ್ನು ಕಟ್ಟಿಹಾಕದೆ ಬೇರೆಯವರಿಗೆ ದಾರಿ ಬಿಟ್ಟರು. ಸಂಘ ಸಂಸ್ಥೆಗಳಲ್ಲಿ ದುಡಿಯುವ ನಮಗೆ ಇದು ಎಷ್ಟು ಕಷ್ಟವೆಂದು ಗೊತ್ತು. ಇನ್ನು, ಕೆಳಗೆ ಇಳಿದು ಮೇಲೆ ಬಾರದವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ರಸ್ತೆಗಳಿಲ್ಲ. ಮುಂದಿನ ಸಲ ಚೆನ್ನೈಗೆ ಹೋಗುವಾಗ ಬಂಗಾರಪೇಟೆಯಲ್ಲಿ ರೈಲು ನಿಂತರೆ, ಗಾಡಿ ಏರಿ ಬಂದ ಆ ಐರಿಷ್ ಸೈನಿಕನನ್ನು ನೆನೆಯೋಣ. ಗಣಿಯಲ್ಲಿ ಪ್ರಾಣ ತೆತ್ತವರಿಗಾಗಿಯೂ ಒಂದು ಪ್ರಾರ್ಥನೆ ಸಲ್ಲಿಸೋಣ.