ಸಾಧನೆಯ ಉದ್ದವನ್ನು ಅಳೆದ ಕುರ್ಟ್ ಗೇಡೆಲ್

ಗಣಿತವು ಸಾಧನೆಯ ಬಲದಿಂದ ನಿಲ್ಲುವ ಶಾಸ್ತ್ರ. ಆ ಬಲವೆಷ್ಟು, ಅದರ ಮೇರೆ ಎಲ್ಲಿ ಎಂಬುದನ್ನೇ ವಿಚಾರಿಸಿದ ಮಹಾಮೇಧಾವಿ ಕುರ್ಟ್ ಗೇಡೆಲ್ ಅವರು. 1906ನೆಯ ಇಸವಿ ಏಪ್ರಿಲ್ 28ರಂದು, ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಬ್ರನೋ ನಗರದಲ್ಲಿ ಅವರು ಜನಿಸಿದರು. ಬಾಲ್ಯದಲ್ಲಿ ಸದಾ ಪ್ರಶ್ನಿಸುತ್ತಿದ್ದುದರಿಂದ ಮನೆಯವರು ಅವರನ್ನು ಏಕೆ ಮಹಾಶಯ ಎಂದೇ ಕರೆಯುತ್ತಿದ್ದರು.

1924ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯವನ್ನು ಸೇರಿದ ಗೇಡೆಲ್ ಅವರು 1931ರಲ್ಲಿ ವಿದ್ವಲ್ಲೋಕವನ್ನು ಬೆರಗುಗೊಳಿಸಿದರು. ಅಂಕಗಣಿತಕ್ಕೆ ಸಾಕಾಗುವ, ವಿರೋಧರಹಿತವಾದ ಯಾವುದೇ ಸ್ವಯಂಸಿದ್ಧಗಳ ವ್ಯವಸ್ಥೆಯಲ್ಲಿ, ಸತ್ಯವಾಗಿದ್ದರೂ ಸಾಧಿಸಲಾಗದ ವಾಕ್ಯವೊಂದು ಉಳಿದೇ ಉಳಿಯುತ್ತದೆಂದು ತೋರಿಸಿಕೊಟ್ಟರು. 1936ರಲ್ಲಿ ಸಾಧನೆಗಳ ಉದ್ದವನ್ನು ಕುರಿತು ಕಿರುಲೇಖನವೊಂದನ್ನು ಪ್ರಕಟಿಸಿದರು. ಯುದ್ಧಕಾಲದಲ್ಲಿ, 1940ರಲ್ಲಿ, ಸೈಬೀರಿಯಾ ಹಾಗೂ ಜಪಾನಿನ ಮಾರ್ಗವಾಗಿ ಪತ್ನಿ ಅಡೇಲ್ ಅವರೊಡನೆ ಅಮೆರಿಕೆಯ ಪ್ರಿನ್ಸ್‌ಟನ್ ಸೇರಿದರು. ಅಲ್ಲಿ ಐನ್‌ಸ್ಟೈನರ ನಿತ್ಯದ ನಡಿಗೆಗೆ ಒಡನಾಡಿಯಾದರು.

1956ರ ಮಾರ್ಚ್ 20ರಂದು ಗೇಡೆಲ್ ಅವರು, ಅರ್ಬುದರೋಗದಿಂದ ನರಳುತ್ತಿದ್ದ ಮಿತ್ರ ಜಾನ್ ಫಾನ್ ನಾಯ್ಮನ್ನರಿಗೆ ಪತ್ರವೊಂದನ್ನು ಬರೆದರು. ಕುಶಲಪ್ರಶ್ನೆಯ ಬಳಿಕ ಶಾಸ್ತ್ರಪ್ರಶ್ನೆಯೊಂದು ಅದರಲ್ಲಿತ್ತು. ಒಂದು ಪ್ರಮೇಯಕ್ಕೆ ನಿಯತ ಉದ್ದದೊಳಗಿನ ಸಾಧನೆಯುಂಟೆ ಎಂಬುದನ್ನು ಯಂತ್ರವು ಎಷ್ಟು ಹೆಜ್ಜೆಗಳಲ್ಲಿ ನಿರ್ಣಯಿಸಬಲ್ಲುದು? ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಬಹುದೇನೋ ನಿಜ. ಆದರೆ ಹತ್ತೇ ಚಿಹ್ನೆಗಳ ಭಾಷೆಯಲ್ಲಿಯೂ 20 ಸ್ಥಾನಗಳ ಸಾಲುಗಳು ಒಂದರ ಮುಂದೆ 20 ಸೊನ್ನೆಗಳನ್ನಿಟ್ಟಷ್ಟಾಗುತ್ತವೆ. 20ರ ವರ್ಗವಾದರೋ ಕೇವಲ 400. ಹೆಜ್ಜೆಗಳು ಉದ್ದದ ವರ್ಗದಷ್ಟರಲ್ಲೇ ಮುಗಿಯುವುದಾದರೆ, ಹೌದು ಅಲ್ಲವೆಂಬ ಪ್ರಶ್ನೆಗಳಲ್ಲಿ ಗಣಿತಜ್ಞನ ಚಿಂತನೆಯ ಕಾರ್ಯವನ್ನು ಯಂತ್ರವೇ ನಿರ್ವಹಿಸಬಲ್ಲುದೆಂದು ಅವರು ಕಂಡಿದ್ದರು.

1957ರ ಫೆಬ್ರವರಿ 8ರಂದು ನಾಯ್ಮನ್ನರು ತೀರಿಕೊಂಡರು. ಪತ್ರವು 1980ರ ದಶಕದವರೆಗೆ ವಿದ್ವಾಂಸರ ಗಮನಕ್ಕೆ ಬರಲಿಲ್ಲ. ಅಷ್ಟರಲ್ಲಿ, 1971ರಲ್ಲಿ, ಸ್ಟೀಫನ್ ಕುಕ್ ಅವರು ಇದೇ ಬಗೆಯ ಪ್ರಶ್ನೆಯನ್ನು ಸ್ವತಂತ್ರವಾಗಿ ಎತ್ತಿದ್ದರು. ಗಣನವಿಧಾನವೊಂದು ನಡೆದ ಹೆಜ್ಜೆಗಳ ದಾಖಲೆಯೂ ಒಂದು ಸಾಧನೆಯೇ. ಆದುದರಿಂದ ತರ್ಕಸತ್ಯಗಳಿಗೆ ಯಾವ ಪದ್ಧತಿಯಲ್ಲಿಯೂ ಚಿಕ್ಕ ಸಾಧನೆಗಳು ಸದಾ ದೊರೆಯವೆಂದು ಸಿದ್ಧಪಟ್ಟರೆ, ಅವುಗಳನ್ನು ನಿರ್ಣಯಿಸುವ ಶೀಘ್ರ ಗಣನವಿಧಾನವೂ ಇಲ್ಲವೆಂದಾಗುತ್ತದೆ. 1979ರಲ್ಲಿ ಕುಕ್ ಮತ್ತು ರೆಕ್‌ಹೌ ಅವರು ಈ ಸಂಬಂಧಕ್ಕೆ ಶಾಸ್ತ್ರೀಯ ರೂಪವಿತ್ತರು. ಶೀಘ್ರವಾಗಿ ಪರೀಕ್ಷಿಸಬಹುದಾದುದನ್ನೆಲ್ಲ ಶೀಘ್ರವಾಗಿ ಹುಡುಕಲೂ ಸಾಧ್ಯವೆ ಎಂಬ ಮೂಲಪ್ರಶ್ನೆಗೆ 2000ದಲ್ಲಿ ಹತ್ತು ಲಕ್ಷ ಡಾಲರುಗಳ ಬಹುಮಾನ ಘೋಷಿತವಾಯಿತು. ಅದಿನ್ನೂ ಬಗೆಹರಿದಿಲ್ಲ.

ಗೇಡೆಲ್ ಅವರ ಅಂತ್ಯ ಕರುಣಾಜನಕ. ಆಹಾರದಲ್ಲಿ ವಿಷವಿರಬಹುದೆಂಬ ಭಯ ಅವರನ್ನು ಕಾಡುತ್ತಿತ್ತು. 1977ರಲ್ಲಿ ಪತ್ನಿ ಆಸ್ಪತ್ರೆ ಸೇರಿದಾಗ ಅವರು ಉಣ್ಣುವುದನ್ನೇ ಬಿಟ್ಟರು. 1978ರ ಜನವರಿ 14ರಂದು ದೇಹ ಬಿಟ್ಟರು. ತರ್ಕದ ಮೇರೆಯನ್ನು ಕಂಡವರಿಗೂ ಬದುಕಲು ಪತ್ನಿಯ ಮೇಲಿನ ವಿಶ್ವಾಸವೇ ಆಧಾರವಾಗಿತ್ತು. ಅವರ ಪ್ರಶ್ನೆ ಮಾತ್ರ ಇಂದಿಗೂ ಉತ್ತರವನ್ನು ಕಾಯುತ್ತಿದೆ.