ಜಾಕ್ ಈವ್ ಕೂಸ್ತೋ: ಸಾಗರದಾಳದ ಬಾಗಿಲು ತೆರೆದ ಮಹನೀಯರು

ಪೀಠಿಕೆ

ರಜಾ ದಿನಗಳಲ್ಲಿ ಸ್ನೇಹಿತರು, ಸಹೋದ್ಯೋಗಿಗಳು ಹಾಗೂ ಕುಟುಂಬ ವರ್ಗದವರು ತಂಡವಾಗಿ ಉಷ್ಣವಲಯದ ದ್ವೀಪಗಳಿಗೆ ತೆರಳಿ ಸ್ಕೂಬಾ ಡೈವಿಂಗ್ ಕೈಗೊಳ್ಳುವುದು ಇಂದು ಸಾಮಾನ್ಯವಾಗಿದೆ. ಅಂಡಮಾನ್ ಮತ್ತು ಲಕ್ಷದ್ವೀಪಗಳಲ್ಲದೆ, ನಮ್ಮ ರಾಜ್ಯದ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪವೂ ಈ ಕ್ರೀಡೆಗೆ ಹೆಸರಾಗಿದೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಬಾಯಿಯಲ್ಲಿ ರಬ್ಬರಿನ ತುಂಡೊಂದನ್ನು ಕಚ್ಚಿಕೊಂಡು ನೀರಿಗಿಳಿಯುವ ಪ್ರವಾಸಿಗರಲ್ಲಿ ಬಹುಮಂದಿಗೆ ಆ ಉಪಕರಣದ ಹಿಂದಿರುವ ವ್ಯಕ್ತಿಯ ಪರಿಚಯ ಇರಲಾರದು. ಫ್ರಾನ್ಸ್ ದೇಶದ ನೌಕಾಪಡೆಯ ಅಧಿಕಾರಿ, ಸಂಶೋಧಕ ಹಾಗೂ ಚಲನಚಿತ್ರಕಾರ ಜಾಕ್ ಈವ್ ಕೂಸ್ತೋ ಅವರ ಜೀವನ ಸಾಧನೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಕೂಸ್ತೋ ಅವರು 1910ನೇ ಇಸವಿ ಜೂನ್ 11ರಂದು ನೈಋತ್ಯ ಫ್ರಾನ್ಸಿನ ಸೇಂತ್ ಆಂದ್ರೆ ದ ಕ್ಯುಬ್ಜಾಕ್ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರ ಆರೋಗ್ಯ ಅಷ್ಟೊಂದು ಚೆನ್ನಾಗಿರಲಿಲ್ಲ. ಆದರೂ ಈಜುವುದರಲ್ಲಿ ಅವರಿಗೆ ವಿಶೇಷ ಆಸಕ್ತಿ ಇತ್ತು. ತಂದೆಯವರ ಉದ್ಯೋಗದ ನಿಮಿತ್ತ ಕುಟುಂಬವು ಕೆಲಕಾಲ ಅಮೆರಿಕದಲ್ಲಿ ನೆಲೆಸಿದ್ದಾಗ, ಬೇಸಿಗೆ ಶಿಬಿರವೊಂದರಲ್ಲಿ ಸರೋವರದ ತಳದಲ್ಲಿ ಬಿದ್ದಿದ್ದ ಮರದ ಕೊಂಬೆಗಳನ್ನು ಮುಳುಗಿ ತೆಗೆಯುವ ಕೆಲಸ ಈ ಬಾಲಕನ ಪಾಲಿಗೆ ಬಂದಿತು. ನೀರಿನೊಳಗಿನ ಲೋಕದ ಮೊದಲ ನೋಟ ಅವರಿಗೆ ಲಭಿಸಿದ್ದು ಹೀಗೆ. ಹದಿಹರೆಯದಲ್ಲೇ ಕೂಡಿಟ್ಟ ಹಣದಿಂದ ಚಲನಚಿತ್ರ ಕ್ಯಾಮೆರಾವೊಂದನ್ನು ಕೊಂಡುಕೊಂಡರು. ನೀರು ಮತ್ತು ಕ್ಯಾಮೆರಾ, ಈ ಎರಡೂ ಕಡೆಯವರೆಗೆ ಅವರ ಸಂಗಾತಿಗಳಾಗಿ ಉಳಿದವು.

ಅಪಘಾತ ಮತ್ತು ಜೀವನದ ತಿರುವು

1930ರಲ್ಲಿ ಕೂಸ್ತೋ ಅವರು ಫ್ರಾನ್ಸಿನ ನೌಕಾ ಅಕಾಡೆಮಿಯನ್ನು ಸೇರಿದರು. ನೌಕಾಪಡೆಯಲ್ಲಿ ವಿಮಾನ ಚಾಲಕರಾಗಬೇಕೆಂಬುದು ಅವರ ಬಯಕೆಯಾಗಿತ್ತು. ಆದರೆ 1936ರಲ್ಲಿ ಸಂಭವಿಸಿದ ಕಾರು ಅಪಘಾತದಲ್ಲಿ ಅವರ ತೋಳುಗಳಿಗೆ ತೀವ್ರ ಪೆಟ್ಟಾಗಿ, ಆ ಬಯಕೆ ಅಲ್ಲಿಗೇ ಕೊನೆಗೊಂಡಿತು. ತೋಳುಗಳಿಗೆ ಬಲ ಬರಲೆಂದು ತೂಲೋಂ ಬಂದರಿನ ಸಮೀಪದ ಸಮುದ್ರದಲ್ಲಿ ಅವರು ಈಜತೊಡಗಿದರು. ಸಹೋದ್ಯೋಗಿ ಫಿಲಿಪ್ ತಾಯೆ ಅವರಿಂದ ಜಲಾಂತರ ಕನ್ನಡಕದ ಪರಿಚಯವಾಗಿ, ಅದನ್ನು ಧರಿಸಿ ತಲೆಯನ್ನು ನೀರಿನೊಳಗೆ ತಗ್ಗಿಸಿದ ಆ ಕ್ಷಣದಿಂದ ಅವರ ಬದುಕು ಸಮುದ್ರಕ್ಕೆ ಮೀಸಲಾಯಿತು.

ತಾಯೆ, ಫ್ರೆಡರಿಕ್ ದ್ಯುಮಾ ಮತ್ತು ಕೂಸ್ತೋ ಮೂವರೂ ಅಗಲದ ಗೆಳೆಯರಾದರು. 1937ರಲ್ಲಿ ಕೂಸ್ತೋ ಅವರು ಸಿಮೋನ್ ಮೆಲ್ಕಿಯೋರ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಜಾನ್ ಮಿಷೆಲ್ ಮತ್ತು ಫಿಲಿಪ್ ಎಂಬ ಇಬ್ಬರು ಪುತ್ರರು ಜನಿಸಿದರು.

ಉಸಿರಾಟ ಉಪಕರಣದ ಆವಿಷ್ಕಾರ

ಆ ಕಾಲದ ಮುಳುಗುಗಾರರು ಲೋಹದ ಭಾರವಾದ ಶಿರಸ್ತ್ರಾಣ ಧರಿಸಿ, ದೋಣಿಯಿಂದ ಕೊಳವೆಯ ಮೂಲಕ ಬರುವ ಗಾಳಿಯನ್ನು ಅವಲಂಬಿಸಬೇಕಾಗಿತ್ತು. ಬೆನ್ನಿನ ಮೇಲೆ ಗಾಳಿಯನ್ನು ಹೊತ್ತೊಯ್ಯುವ ಪ್ರಯತ್ನಗಳು ಮೊದಲೇ ನಡೆದಿದ್ದವು. ಆದರೆ ಅವುಗಳಲ್ಲಿ ಗಾಳಿಯ ಹರಿವನ್ನು ಕೈಯಿಂದ ನಿಯಂತ್ರಿಸಬೇಕಾಗಿತ್ತು, ಇಲ್ಲವೇ ಗಾಳಿ ಬೇಗನೆ ಮುಗಿದುಹೋಗುತ್ತಿತ್ತು. ಶುದ್ಧ ಆಮ್ಲಜನಕದ ಉಪಕರಣವನ್ನು ಸ್ವತಃ ಪರೀಕ್ಷಿಸಿದ ಕೂಸ್ತೋ ಅವರು ನೀರಿನಡಿಯಲ್ಲಿ ಎರಡು ಬಾರಿ ಸೆಳವಿಗೆ ಒಳಗಾಗಿ, ಪ್ರಾಣಾಪಾಯದಿಂದ ಪಾರಾದರು. ಒತ್ತಡದಲ್ಲಿ ಶುದ್ಧ ಆಮ್ಲಜನಕವೂ ವಿಷವಾಗುತ್ತದೆಂಬುದು ಅವರಿಗೆ ಅನುಭವದಿಂದ ಮನದಟ್ಟಾಯಿತು.

ಎರಡನೇ ಮಹಾಯುದ್ಧದ ಸಂದರ್ಭದಲ್ಲಿ ಪೆಟ್ರೋಲ್ ಅಭಾವ ಉಂಟಾದಾಗ, ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾಂ ಅವರು ಮೋಟಾರು ವಾಹನಗಳನ್ನು ಅನಿಲದಿಂದ ಓಡಿಸುವ ಸಲುವಾಗಿ ಒಂದು ಕವಾಟವನ್ನು ರೂಪಿಸಿದ್ದರು. ಇಬ್ಬರೂ ಸೇರಿ ಅದನ್ನು ಉಸಿರಾಟಕ್ಕೆ ಅಳವಡಿಸಿದರು. ಇದರ ತತ್ವ ಸರಳವಾದುದು. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಈ ಕವಾಟವು ಮುಳುಗುಗಾರನು ಉಸಿರೆಳೆದಾಗ ಮಾತ್ರ ತೆರೆದು, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ ಗಾಳಿಯನ್ನು ಒದಗಿಸುತ್ತದೆ. ಹೀಗಾಗಿ ಗಾಳಿ ಪೋಲಾಗುವುದಿಲ್ಲ, ಎದೆಯ ಮೇಲೆ ಭಾರವೂ ಬೀಳುವುದಿಲ್ಲ.

1943ರ ಆರಂಭದಲ್ಲಿ ಪ್ಯಾರಿಸ್ ಬಳಿಯ ಮಾರ್ನ್ ನದಿಯಲ್ಲಿ ನಡೆದ ಮೊದಲ ಪರೀಕ್ಷೆ ಪೂರ್ಣ ಯಶಸ್ವಿಯಾಗಲಿಲ್ಲ. ನೀರಿನಲ್ಲಿ ಅಡ್ಡವಾಗಿದ್ದಾಗ ಸರಿಯಾಗಿ ಕೆಲಸ ಮಾಡುತ್ತಿದ್ದ ಉಪಕರಣ, ನೆಟ್ಟಗೆ ನಿಂತಾಗ ಗಾಳಿಯನ್ನು ಸೋರಲು ಬಿಡುತ್ತಿತ್ತು. ಗಾಳಿ ಒಳಬರುವ ಮತ್ತು ಹೊರಹೋಗುವ ದ್ವಾರಗಳನ್ನು ಒಂದೇ ಮಟ್ಟಕ್ಕೆ ತಂದು ದೋಷವನ್ನು ಸರಿಪಡಿಸಲಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಮೆಡಿಟರೇನಿಯನ್ ತೀರದಲ್ಲಿ ಕೂಸ್ತೋ ಅವರು ಈ ಉಪಕರಣದೊಂದಿಗೆ ಮುಕ್ತವಾಗಿ ಈಜಿದರು. ಅಂದು ಅವರು ಏಕಾಂಗಿಯಾಗಿ ಹೋಗಲಿಲ್ಲ ಎಂಬುದು ಗಮನಾರ್ಹ. ಸಿಮೋನ್ ಅವರು ನೀರಿನ ಮೇಲ್ಮೈಯಲ್ಲಿ ಈಜುತ್ತ ಪತಿಯ ಮೇಲೆ ಕಣ್ಣಿಟ್ಟಿದ್ದರು. ದ್ಯುಮಾ ಅವರು ದಡದಲ್ಲಿ ಸಹಾಯಕ್ಕೆ ಸನ್ನದ್ಧರಾಗಿದ್ದರು. ಇಂದು ಜೊತೆಗಾರನಿಲ್ಲದೆ ಯಾರೂ ನೀರಿಗಿಳಿಯಬಾರದೆಂದು ತರಬೇತುದಾರರು ವಿಧಿಸುವ ನಿಯಮವನ್ನು ಆ ತಂಡವು ಆ ದಿನವೇ ಪಾಲಿಸಿತ್ತು. ಯುದ್ಧಾನಂತರ ಈ ಉಪಕರಣವು ಆಕ್ವಾಲಂಗ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, ತಜ್ಞರಿಗಷ್ಟೇ ಸೀಮಿತವಾಗಿದ್ದ ಸಾಗರತಳ ಜನಸಾಮಾನ್ಯರಿಗೂ ತೆರೆದುಕೊಂಡಿತು.

ಆಳವು ಕಲಿಸಿದ ಪಾಠ

ಯುದ್ಧಾನಂತರ ನೌಕಾಪಡೆಯ ಜಲಾಂತರ ಸಂಶೋಧನಾ ತಂಡದಲ್ಲಿ ಕೂಸ್ತೋ ಹಾಗೂ ಸಂಗಡಿಗರು ಕಡಲಬಾಂಬುಗಳನ್ನು ತೆರವುಗೊಳಿಸುವುದೇ ಮುಂತಾದ ಕಾರ್ಯಗಳನ್ನು ನಿರ್ವಹಿಸಿದರು. 1947ರಲ್ಲಿ ಗಾಳಿಯನ್ನೇ ಉಸಿರಾಡುತ್ತ ಎಷ್ಟು ಆಳಕ್ಕೆ ಹೋಗಬಹುದೆಂಬ ಪರೀಕ್ಷೆಯಲ್ಲಿ, ತಂಡದ ಮೋರಿಸ್ ಫಾರ್ಗ್ ಅವರು ಸುಮಾರು 120 ಮೀಟರ್ ತಲುಪಿ ಅಸುನೀಗಿದರು. ಆಳದಲ್ಲಿ ಸಾರಜನಕವು ಅಮಲಿನಂತೆ ಬುದ್ಧಿಯನ್ನು ಮಂಕಾಗಿಸುತ್ತದೆ. ಅಪಾಯದ ಅರಿವೇ ಆಗದಂತೆ ಮಾಡುವುದೇ ಅದರ ದೊಡ್ಡ ಅಪಾಯ. ಇಂದು ಪ್ರವಾಸಿಗರಿಗೆ ಆಳದ ಮಿತಿಯನ್ನು ಗೊತ್ತುಪಡಿಸಲಾಗಿರುವುದರ ಹಿಂದೆ ಇಂತಹವರ ಪ್ರಾಣತ್ಯಾಗವಿದೆ.

ಕ್ಯಾಲಿಪ್ಸೊ ನೌಕೆ ಮತ್ತು ದ್ವೀಪದ ದಿನಗಳು

1950ರಲ್ಲಿ ಲೋಯೆಲ್ ಗಿನ್ನೆಸ್ ಎಂಬ ಬ್ರಿಟಿಷ್ ಶ್ರೀಮಂತರು ಹಳೆಯ ಯುದ್ಧಕಾಲದ ಮರದ ನೌಕೆಯೊಂದನ್ನು ಕೊಂಡು, ವರ್ಷಕ್ಕೆ ಕೇವಲ ಒಂದು ಫ್ರಾಂಕ್ ಬಾಡಿಗೆಗೆ ಕೂಸ್ತೋ ಅವರಿಗೆ ಒದಗಿಸಿದರು. ಅದುವೇ ಮುಂದೆ ಜಗತ್ಪ್ರಸಿದ್ಧವಾದ ಕ್ಯಾಲಿಪ್ಸೊ. ಬಾಡಿಗೆ ನಾಮಮಾತ್ರದ್ದಾದರೂ ಅದನ್ನು ಸಜ್ಜುಗೊಳಿಸುವ ವೆಚ್ಚ ಹಗುರವಾದುದಾಗಿರಲಿಲ್ಲ. ಸಿಮೋನ್ ಅವರು ತಮ್ಮ ಆಭರಣಗಳನ್ನೇ ಮಾರಿ ನೆರವಾದರು. ಯಾತ್ರೆಗಳ ಖರ್ಚು ತೂಗಿಸಲು 1954ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ತೈಲ ಕಂಪನಿಯ ಪರವಾಗಿ ಸಮುದ್ರತಳದ ಸಮೀಕ್ಷೆಯನ್ನೂ ಕೈಗೊಳ್ಳಲಾಯಿತು.

1955ರಲ್ಲಿ ಕ್ಯಾಲಿಪ್ಸೊ ತಂಡವು ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಸಮೂಹದ ಅಸಂಪ್ಷನ್ ಎಂಬ ಪುಟ್ಟ ಹವಳದ ದ್ವೀಪದ ಬಳಿ ಲಂಗರು ಹಾಕಿತು. ಅಲ್ಲಿನ ಮೀನುಗಳಿಗೆ ಮನುಷ್ಯರ ಭಯವಿರಲಿಲ್ಲ. ನಮ್ಮ ಕರಾವಳಿಯಲ್ಲಿ ಮುರುಮೀನು ಎಂದು ಕರೆಯುವ ಜಾತಿಗೆ ಸೇರಿದ ದೊಡ್ಡ ಮೀನೊಂದು ಮುಳುಗುಗಾರರೊಂದಿಗೆ ಎಷ್ಟು ಸಲುಗೆ ಬೆಳೆಸಿತೆಂದರೆ, ಚಿತ್ರೀಕರಣಕ್ಕೆ ಅಡ್ಡ ಬರದಿರಲೆಂದು ಅದನ್ನು ಕೆಲಕಾಲ ಪಂಜರದಲ್ಲಿ ಇರಿಸಬೇಕಾಯಿತು. ಈ ಯಾತ್ರೆಯ ಚಿತ್ರಣದಿಂದ ಯುವ ನಿರ್ದೇಶಕ ಲೂಯಿ ಮಾಲ್ ಅವರೊಡಗೂಡಿ ನಿರ್ಮಿಸಿದ ಮೌನ ಜಗತ್ತು ಎಂಬರ್ಥದ ಹೆಸರಿನ ಸಾಕ್ಷ್ಯಚಿತ್ರವು 1956ರ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನೂ, ಅನಂತರ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು.

ಅದೇ ಚಿತ್ರದಲ್ಲಿ ಇಂದಿನ ವೀಕ್ಷಕರು ಕಂಡು ನೋಯುವಂತಹ ದೃಶ್ಯಗಳೂ ಇವೆ. ಮೀನುಗಳ ಎಣಿಕೆಗಾಗಿ ಹವಳದ ದಿಬ್ಬದಲ್ಲಿ ಸಿಡಿಮದ್ದು ಸಿಡಿಸಲಾಯಿತು. ನೌಕೆಯ ಚಕ್ರಕ್ಕೆ ಸಿಲುಕಿ ಗಾಯಗೊಂಡ ತಿಮಿಂಗಿಲದ ಮರಿಯನ್ನು ಕೊಲ್ಲಲಾಯಿತು. ಅದನ್ನು ತಿನ್ನಲು ಬಂದ ಶಾರ್ಕ್‌ಗಳನ್ನು ರೋಷದಿಂದ ಕಡಿದು ಹಾಕಲಾಯಿತು. ಸಮುದ್ರ ಎಂದಿಗೂ ಬರಿದಾಗದ ಕಣಜವೆಂಬ ಅಂದಿನ ಸಾಮಾನ್ಯ ನಂಬಿಕೆಯಿಂದ ಕೂಸ್ತೋ ಅವರೂ ಹೊರತಾಗಿರಲಿಲ್ಲ.

ಸಂಶೋಧಕರಿಂದ ಸಂರಕ್ಷಕರಾಗಿ

1957ರಲ್ಲಿ ಕೂಸ್ತೋ ಅವರು ಮೊನಾಕೊ ದೇಶದ ಸಾಗರ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿ ನಿಯುಕ್ತರಾದರು. 1962ರಲ್ಲಿ ಮಾರ್ಸೇಲ್ ಬಳಿ ಅವರ ತಂಡದ ಇಬ್ಬರು ಸದಸ್ಯರು 10 ಮೀಟರ್ ಆಳದ ಮನೆಯಲ್ಲಿ ಒಂದು ವಾರ ವಾಸಿಸಿದರು. 1963ರಲ್ಲಿ ಸುಡಾನ್ ಕರಾವಳಿಯ ಶಾಬ್ ರೂಮಿ ಹವಳದ ದಿಬ್ಬದಲ್ಲಿ ಒಂದು ತಂಡವೇ ಒಂದು ತಿಂಗಳ ಕಾಲ ನೀರಿನಡಿ ನೆಲೆಸಿತು.

ಇದೇ ಅವಧಿಯಲ್ಲಿ ಅವರ ದೃಷ್ಟಿಯೂ ಬದಲಾಗತೊಡಗಿತ್ತು. ತಾವು ಯೌವನದಲ್ಲಿ ಈಜಿದ್ದ ಮೆಡಿಟರೇನಿಯನ್ ತಾಣಗಳಿಗೆ ಮರಳಿ ಹೋದಾಗ, ಮೀನುಗಳು ವಿರಳವಾಗಿರುವುದನ್ನು ಅವರು ಕಣ್ಣಾರೆ ಕಂಡರು. 1960ರಲ್ಲಿ ವಿಕಿರಣಶೀಲ ತ್ಯಾಜ್ಯವನ್ನು ಆ ಸಮುದ್ರಕ್ಕೆ ಸುರಿಯುವ ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಿದರು. 1968ರಿಂದ ಪ್ರಸಾರವಾದ ದೂರದರ್ಶನ ಸರಣಿಯ ಮೂಲಕ, ಸಮುದ್ರವನ್ನೇ ಕಾಣದ ಕೋಟ್ಯಂತರ ಜನರ ಮನೆಗಳಿಗೆ ಸಾಗರದ ಜೀವರಾಶಿಯನ್ನು ತಲುಪಿಸಿದರು. 1973ರಲ್ಲಿ ಸಾಗರ ಸಂರಕ್ಷಣೆಗಾಗಿ ಕೂಸ್ತೋ ಸೊಸೈಟಿಯನ್ನು ಸ್ಥಾಪಿಸಿದರು.

1979ರಲ್ಲಿ ಕಿರಿಯ ಪುತ್ರ ಫಿಲಿಪ್ ಅವರು ಪೋರ್ಚುಗಲ್‌ನಲ್ಲಿ ಸಂಭವಿಸಿದ ಜಲವಿಮಾನ ಅಪಘಾತದಲ್ಲಿ ಮೃತಪಟ್ಟರು. ತಂದೆಯ ಕಾರ್ಯವನ್ನು ಮುಂದುವರಿಸುವರೆಂದು ನಂಬಿದ್ದ ಮಗನ ಅಗಲಿಕೆ ಅವರಿಗೆ ಭರಿಸಲಾಗದ ಆಘಾತವಾಗಿತ್ತು. ಆದಾಗ್ಯೂ ಅವರು ಕಾರ್ಯದಿಂದ ವಿಮುಖರಾಗಲಿಲ್ಲ. ಅಂಟಾರ್ಕ್ಟಿಕಾ ಖಂಡದಲ್ಲಿ ಗಣಿಗಾರಿಕೆಯನ್ನು ತಡೆಯಲು ಇಳಿವಯಸ್ಸಿನಲ್ಲಿ ಸಹಿ ಸಂಗ್ರಹ ಆಂದೋಲನ ನಡೆಸಿದರು. ಅಲ್ಲಿ ಗಣಿಗಾರಿಕೆಯನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿ ಬಿದ್ದಿತು.

ಅಂತಿಮ ದಿನಗಳು

1990ರಲ್ಲಿ ಪತ್ನಿ ಸಿಮೋನ್ ನಿಧನರಾದರು. 1996ರ ಜನವರಿಯಲ್ಲಿ ಕ್ಯಾಲಿಪ್ಸೊ ನೌಕೆಯು ಸಿಂಗಪುರದ ಬಂದರಿನಲ್ಲಿ ಸರಕು ದೋಣಿಯೊಂದು ಬಡಿದು ಮುಳುಗಿತು. ನಂತರ ಅದನ್ನು ಮೇಲಕ್ಕೆತ್ತಲಾಯಿತು. 1997ರ ಜೂನ್ 25ರಂದು ಪ್ಯಾರಿಸ್‌ನಲ್ಲಿ ತಮ್ಮ 87ನೇ ವಯಸ್ಸಿನಲ್ಲಿ ಕೂಸ್ತೋ ಅವರು ಕೊನೆಯುಸಿರೆಳೆದರು. ಹುಟ್ಟೂರಿನಲ್ಲಿಯೇ ಅವರನ್ನು ಸಮಾಧಿ ಮಾಡಲಾಯಿತು.

ಪ್ರವಾಸಿಗರ ಗಮನಕ್ಕೆ

ಸಾಗರದಾಳಕ್ಕೆ ಬಾಗಿಲು ತೆರೆದವರೇ, ಆ ಬಾಗಿಲಿನಿಂದ ಒಳಹೋಗುವವರ ಹೊಣೆ ಏನೆಂಬುದನ್ನು ಸ್ವಂತ ತಪ್ಪುಗಳಿಂದ ಕಲಿತು, ಲೋಕಕ್ಕೂ ತಿಳಿಸಿದರು. ಕೂಸ್ತೋ ಅವರ ಜೀವನದ ಹಿರಿಮೆ ಇದರಲ್ಲಿದೆ. ತಂಡವಾಗಿ ದ್ವೀಪಗಳಿಗೆ ತೆರಳುವವರು ಜೊತೆಗಾರನ ಕಣ್ಣಳತೆಯಲ್ಲೇ ಇರುವುದು, ನೀರಿನಡಿಯಲ್ಲಿ ಉಸಿರು ಬಿಗಿಹಿಡಿಯದಿರುವುದು, ನಿಧಾನವಾಗಿ ಮೇಲೇರುವುದು ಹಾಗೂ ತರಬೇತುದಾರರು ಸೂಚಿಸಿದ ಆಳವನ್ನು ಮೀರದಿರುವುದು ಅತ್ಯಗತ್ಯ. ಹವಳವು ಕಲ್ಲಲ್ಲ, ಜೀವಿಗಳ ಸಮೂಹ. ಅದರ ಮೇಲೆ ಕಾಲಿಡುವುದಾಗಲಿ, ನೆನಪಿಗಾಗಿ ಮುರಿದು ತರುವುದಾಗಲಿ ಸಲ್ಲದು. ದಿಬ್ಬ ಕಟ್ಟುವ ಹವಳಗಳಿಗೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ನೇತ್ರಾಣಿಯ ನೀರಿನಲ್ಲಿ ಮುಂದಿನ ಪೀಳಿಗೆಯವರಿಗೂ ಮೀನುಗಳು ಭಯವಿಲ್ಲದೆ ಎದುರಾಗುವಂತೆ ನೋಡಿಕೊಳ್ಳುವುದು ಇಂದು ಅಲ್ಲಿಗಿಳಿಯುವ ಪ್ರತಿಯೊಬ್ಬರ ಕರ್ತವ್ಯವಾಗಿದೆ.